ಸೋಪಿಗೆ ಯಾವುದು, ತಲೆಗೆ ಯಾವುದು, ಮುಖಕ್ಕೆ ಯಾವುದು: ಸಿಪ್ಪೆ ಎಣ್ಣೆ ಆರಿಸುವ ಮುಂಚೆ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಗುಬ್ಬಿ ಕಡೆಯ ಒಂದು ಸ್ತ್ರೀಶಕ್ತಿ ಸಂಘದವರು ಸೋಪು ಮಾಡುತ್ತಾರೆ, ಅದಕ್ಕೆ ಪರಿಮಳ ಬೇಕು. ತಿಪಟೂರಿನ ಒಬ್ಬ ಹುಡುಗನ ಮನೆಯಲ್ಲಿ ಕೊಬ್ಬರಿ ಎಣ್ಣೆ ತೆಗೆಯುತ್ತಾರೆ, ಅದಕ್ಕೆ ನಿಂಬೆ ವಾಸನೆ ಸೇರಿಸಿ ತಲೆಎಣ್ಣೆ ಮಾಡಬೇಕು ಅಂತ ಅವನಿಗೆ ಆಸೆ. ಇನ್ನೊಬ್ಬರು ತುಮಕೂರಿನಲ್ಲೇ ಪಾರ್ಲರ್ ನಡೆಸುವ ಅಕ್ಕ, ಮುಖಕ್ಕೆ ಹಚ್ಚುವ ಎಣ್ಣೆ ತಾವೇ ಬೆರೆಸುತ್ತಾರೆ. ಮೂವರ ಕೈಯಲ್ಲೂ ಹಣ್ಣಿನ ಸಿಪ್ಪೆಯಿಂದ ತೆಗೆದ ಪರಿಮಳದ ಎಣ್ಣೆಗಳ (ಎಸೆನ್ಶಿಯಲ್ ಆಯಿಲ್) ಅದೇ ಪಟ್ಟಿ: ಆರೆಂಜ್, ಲೆಮನ್, ಲೈಮ್, ಬರ್ಗಮಾಟ್. ಮೂವರ ಪ್ರಶ್ನೆಯೂ ಒಂದೇ. "ಇದರಲ್ಲಿ ಯಾವುದು ಒಳ್ಳೇದು?"

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಫೋನಿನಲ್ಲಿ ಅರ್ಧರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಕ್ಯಾತ್ಸಂದ್ರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಸೋಪು ಮಾಡುತ್ತಾ ಕೆಲವು ವರ್ಷಗಳಾದವು. ದುಡ್ಡು ಕಳೆದುಕೊಂಡು ಕಲಿತಿದ್ದೇ ಜಾಸ್ತಿ.

ಮೊದಲು ಹೆಸರಿನ ಗೊಂದಲ

ಬಾಟಲಿಯ ಮೇಲೆ "ಲೆಮನ್" ಅಂತ ಇದ್ದರೆ ಅದು ನಮ್ಮ ನಿಂಬೆಹಣ್ಣಲ್ಲ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆಗಟ್ಟಲೆ ಬರುವ, ತೆಳು ಸಿಪ್ಪೆಯ, ದುಂಡನೆಯ ನಿಂಬೆ ಇದೆಯಲ್ಲ, ಎಣ್ಣೆ ವ್ಯಾಪಾರದಲ್ಲಿ ಅದರ ಹೆಸರು "ಲೈಮ್". ಲೆಮನ್ ಅಂದರೆ ಉದ್ದನೆಯ, ದಪ್ಪ ಸಿಪ್ಪೆಯ, ತುದಿಯಲ್ಲಿ ಮೊನೆ ಇರುವ ಬೇರೆ ಹಣ್ಣು. ಕಿತ್ತಳೆಯಲ್ಲೂ ಇದೇ ಕತೆ. "ಸ್ವೀಟ್ ಆರೆಂಜ್" ಬಾಟಲಿಯೊಳಗಿನ ಎಣ್ಣೆ ನಮ್ಮ ಮೂಸಂಬಿಗೆ ಹತ್ತಿರದ ಸಂಬಂಧಿ. ಬ್ರೆಜಿಲ್‌ನಂಥ ದೇಶಗಳ ಜ್ಯೂಸ್ ಕಾರ್ಖಾನೆಗಳಲ್ಲಿ ರಸ ತೆಗೆಯುವಾಗ ಸಿಪ್ಪೆಯಿಂದ ಬರುವ ಎಣ್ಣೆ ಅದು. ಕೊಡಗಿನ ಕಿತ್ತಳೆ, ನಾಗಪುರದ ಸಂತ್ರಾ ಎರಡೂ "ಮ್ಯಾಂಡರಿನ್" ಗುಂಪಿಗೆ ಸೇರಿದವು. ಕೊಡಗಿನ ಕಿತ್ತಳೆ ಸುಲಿದಾಗ ಬರುವ ಘಮವೇ ಬೇಕು ಅಂದರೆ ಮ್ಯಾಂಡರಿನ್ ಅಂತ ಕೇಳಿ.

ಇದು ಬರೀ ಹೆಸರಿನ ಚರ್ಚೆ ಅಂತ ಬಿಡಬೇಡಿ. ಒಂದು ಹಣ್ಣಿನ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಏನೂ ಆಗುವುದಿಲ್ಲ. ಇನ್ನೊಂದು ಹಚ್ಚಿಕೊಂಡು ಹೋದರೆ ಚರ್ಮ ಸುಡುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ನಾನು ಮೊದಲು ಕೇಳುವುದು ಒಂದೇ: ಮೈಮೇಲೆ ಉಳಿಯುತ್ತದೋ, ತೊಳೆದು ಹೋಗುತ್ತದೋ? ಸೋಪು, ಶಾಂಪೂ, ಹ್ಯಾಂಡ್‌ವಾಶ್ ಒಂದು ನಿಮಿಷದಲ್ಲಿ ಚರಂಡಿಗೆ ಹೋಗುತ್ತವೆ. ತಲೆಎಣ್ಣೆ, ಕ್ರೀಮು, ಲಿಪ್‌ಬಾಮ್ ಗಂಟೆಗಟ್ಟಲೆ ಮೈಮೇಲೆ ಕೂತಿರುತ್ತವೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗಿ ಕರಗುತ್ತದೆ.

ಎರಡನೆಯದು, ಎಣ್ಣೆ ತೆಗೆದ ರೀತಿ. ಸಿಪ್ಪೆಯನ್ನು ಹಿಂಡಿ ತೆಗೆದರೆ ಕೋಲ್ಡ್ ಪ್ರೆಸ್ಡ್. ಹಬೆ ಹಾಯಿಸಿ ಇಳಿಸಿದರೆ ಸ್ಟೀಮ್ ಡಿಸ್ಟಿಲ್ಡ್. ಹಿಂಡಿದ ಎಣ್ಣೆಯಲ್ಲಿ ಹಣ್ಣಿನ ನಿಜವಾದ ವಾಸನೆ ಇರುತ್ತದೆ. ಆದರೆ ಸಿಪ್ಪೆಯ ಮೇಣ, ಬಣ್ಣ, ಜೊತೆಗೆ ಫ್ಯುರಾನೊಕೂಮರಿನ್ ಅನ್ನುವ ಭಾರದ ವಸ್ತುಗಳೂ ಬರುತ್ತವೆ. ಚರ್ಮದ ಮೇಲೆ ಬಿಸಿಲು ಬಿದ್ದಾಗ ಕೆರಳುವುದು ಇವೇ. ಹಬೆಯ ಜೊತೆ ಮೇಲೇರುವಷ್ಟು ಇವು ಹಗುರ ಇಲ್ಲ. ಹಾಗಾಗಿ ಡಿಸ್ಟಿಲ್ಡ್ ಎಣ್ಣೆಯಲ್ಲಿ ಆ ಭಯ ಇಲ್ಲ.

ಈ ತೊಂದರೆ ನಮ್ಮೂರಿಗೆ ಹೊಸದೇನಲ್ಲ. ಮದುವೆ ಮನೆಯಲ್ಲಿ ಪಾನಕಕ್ಕೆ ನೂರಾರು ನಿಂಬೆ ಹಿಂಡಿ, ಕೈ ಸರಿಯಾಗಿ ತೊಳೆಯದೆ ಬಿಸಿಲಲ್ಲಿ ಓಡಾಡಿದವರ ಕೈ ನೋಡಿ. ಒಂದೆರಡು ದಿನ ಕಳೆದು ಉರಿ, ಕೆಲವರಿಗೆ ಬೊಬ್ಬೆ, ಆಮೇಲೆ ವಾರಗಟ್ಟಲೆ ಕಪ್ಪು ಕಲೆ. ಬೆಳ್ಳಗಾಗಲಿ ಅಂತ ನಿಂಬೆ ಸಿಪ್ಪೆ ಮುಖಕ್ಕೆ ಉಜ್ಜಿಕೊಂಡು ಅಂಗಳದಲ್ಲಿ ಬಟ್ಟೆ ಒಣಗಿಸುವವರಿಗೆ ಸಿಗುವುದೂ ಇದೇ ಕಪ್ಪು.

ಮೂರನೆಯದು ದುಡ್ಡು. ಬಾಟಲಿಯ ಬೆಲೆ ನೋಡಿ ಹೆದರಬೇಡಿ, ಒಂದು ಸೋಪಿಗೆ ಅಥವಾ ಒಂದು ಶೀಶೆಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ. ಸೋಪಿಗೆ ಸಾಮಾನ್ಯವಾಗಿ ಅದರ ಮೂಲ ಎಣ್ಣೆಯ (ಕೊಬ್ಬರಿ ಎಣ್ಣೆ ಥರದ್ದು) ತೂಕದ ಶೇ. 3ರಷ್ಟು ಪರಿಮಳ ಬೇಕು. ಅಂದರೆ 1 ಕೆಜಿ ಎಣ್ಣೆಗೆ 30 ಗ್ರಾಂ. ಅದರಿಂದ ಬರುವುದು 100 ಗ್ರಾಮಿನ ಹನ್ನೆರಡು-ಹದಿಮೂರು ಸೋಪು. ಮುಖದ ಎಣ್ಣೆಗೆ ಶೇ. 0.5 ಸಾಕು. 30 ಮಿಲಿ ಶೀಶೆಗೆ ಸುಮಾರು ಮೂರು ಹನಿ. 10 ಮಿಲಿಯ ಒಂದು ಪುಟ್ಟ ಬಾಟಲಿಯಿಂದ ಅರವತ್ತಕ್ಕೂ ಮೇಲೆ ಶೀಶೆ ಆಗುತ್ತದೆ. ಅಗ್ಗದ ಎಣ್ಣೆ ಸೋಪಿನಲ್ಲಿ ದುಬಾರಿಯಾಗುತ್ತದೆ, ದುಬಾರಿ ಎಣ್ಣೆ ಮುಖದ ಶೀಶೆಯಲ್ಲಿ ಅಗ್ಗವಾಗುತ್ತದೆ. ಪಾರ್ಲರ್ ಅಕ್ಕನಿಗೆ ಇದು ಹೊಳೆದ ಮೇಲೆ ಅವರು ಆರಿಸುವ ರೀತಿಯೇ ಬದಲಾಯಿತು.

ಕೊನೆಯದು, ವಾಸನೆ ಎಷ್ಟು ದಿನ ನಿಲ್ಲುತ್ತದೆ, ಬಾಟಲಿ ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವುದು. ಸಿಪ್ಪೆ ಎಣ್ಣೆಗಳೆಲ್ಲ ಈ ಎರಡರಲ್ಲೂ ಸ್ವಲ್ಪ ಹಿಂದೆ.

ಸಿಹಿ ಕಿತ್ತಳೆ

ಈ ಗುಂಪಿನಲ್ಲಿ ಎಲ್ಲಕ್ಕಿಂತ ಅಗ್ಗ ಇದು. ಸುಲಭವಾಗಿ ಸಿಗುತ್ತದೆ, ಎಲ್ಲರಿಗೂ ಇಷ್ಟವಾಗುತ್ತದೆ. ಇದರಲ್ಲಿ ಶೇ. 90ಕ್ಕೂ ಹೆಚ್ಚು ಲಿಮೊನೀನ್ ಅನ್ನುವ ಒಂದೇ ವಸ್ತು. ಹಿಂಡಿ ತೆಗೆದಿದ್ದರೂ ಬಿಸಿಲಿನ ತೊಂದರೆ ಇಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಆದರೆ "ಬಿಟರ್ ಆರೆಂಜ್" ಅಂತ ಇದ್ದರೆ ಅದು ಕಹಿ ಕಿತ್ತಳೆ. ಅದಕ್ಕೆ ಬಿಸಿಲಿನ ತೊಂದರೆ ಇದೆ. ಓದಿ ತಗೊಳ್ಳಿ.

ತಕರಾರು ಏನಪ್ಪಾ ಅಂದರೆ, ಕಾಸ್ಟಿಕ್ ಸೋಡಾ ಹಾಕಿ ಮಾಡುವ ಸೋಪಿನಲ್ಲಿ ಇದು ನಿಲ್ಲುವುದಿಲ್ಲ. ಅಚ್ಚಿಗೆ ಹೊಯ್ಯುವಾಗ ಮನೆಯೆಲ್ಲ ಘಂ ಅನ್ನುತ್ತದೆ. ನಾಲ್ಕರಿಂದ ಆರು ವಾರ ಒಣಗಿಸಿ ಪೊಟ್ಟಣ ಕಟ್ಟುವ ಹೊತ್ತಿಗೆ ಮೂಗಿಗೆ ಹಿಡಿದು ಹುಡುಕಬೇಕು. ನನ್ನ ಮೊದಲ ಎರಡು ಸರದಿ ಹೀಗೇ ಹೋದವು. ತಿಳಿ ಕಿತ್ತಳೆ ಬಣ್ಣ ಮಾತ್ರ ಉಳಿದಿತ್ತು.

ಇದಕ್ಕೆ ಎರಡು ದಾರಿ. ಒಂದು, ಫೋಲ್ಡೆಡ್ ಎಣ್ಣೆ. ಬಾಟಲಿ ಮೇಲೆ "5 ಫೋಲ್ಡ್", "10 ಫೋಲ್ಡ್" ಅಂತ ಇರುತ್ತದೆ. ಬೇಗ ಹಾರಿಹೋಗುವ ಲಿಮೊನೀನನ್ನು ಒಂದಷ್ಟು ತೆಗೆದು ಗಟ್ಟಿ ಮಾಡಿದ್ದು. ಸೋಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಬೆಲೆ ಜಾಸ್ತಿ. ಇನ್ನೊಂದು, ಭಾರದ ಜೊತೆಗಾರ. ಪಚೋಲಿ ಅನ್ನುವ ಗಿಡದ ಎಲೆಯ ಎಣ್ಣೆ ಸ್ವಲ್ಪ ಹಾಕಿದರೆ ಕಿತ್ತಳೆಗೆ ಬುಡ ಸಿಗುತ್ತದೆ. ಲೆಮನ್‌ಗ್ರಾಸ್, ಅಂದರೆ ಮಜ್ಜಿಗೆಹುಲ್ಲಿನ ಎಣ್ಣೆ ಹಾಕಿದರೆ ಇನ್ನೂ ಸಲೀಸು. ಅದರ ನಿಂಬೆ ವಾಸನೆ ಸಿಟ್ರಾಲ್ ಅನ್ನುವ ವಸ್ತುವಿನಿಂದ ಬರುವುದು, ಸೋಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ದೇಶದಲ್ಲೇ ಬೆಳೆಯುವ ಹುಲ್ಲು, ಕೈಗೆಟುಕುವ ಬೆಲೆ. ಮೂರು ಪಾಲು ಕಿತ್ತಳೆ, ಒಂದು ಪಾಲು ಹುಲ್ಲಿನೆಣ್ಣೆ ನನ್ನ ಅಳತೆ. ಹುಲ್ಲಿನೆಣ್ಣೆ ಸೂಕ್ಷ್ಮ ಚರ್ಮಕ್ಕೆ ಉರಿ ತರುತ್ತದೆ. ಮೈಮೇಲೆ ಉಳಿಯುವ ವಸ್ತುವಿಗೆ ಹಾಕುವುದಾದರೆ ಶೇ. 0.7 ದಾಟಬಾರದು. ನಾನಂತೂ ಸೋಪಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಕರಗಿಸಿ ಹೊಯ್ಯುವ ಗ್ಲಿಸರಿನ್ ಬೇಸಿನಲ್ಲಿ (ಅಂಗಡಿಯಲ್ಲಿ ಸಿಗುವ ಸಿದ್ಧ ಸೋಪಿನ ಗಟ್ಟಿ) ಕಾಸ್ಟಿಕ್ ಕಾಟ ಇಲ್ಲ, ವಾಸನೆ ಜಾಸ್ತಿ ಉಳಿಯುತ್ತದೆ. ಆದರೆ ಕುದಿಯುವ ಬೇಸಿಗೆ ಸುರಿಯಬೇಡಿ. ಲಿಮೊನೀನ್‌ನ ಆವಿ ಸುಮಾರು 48 ಡಿಗ್ರಿಗೇ ಬೆಂಕಿ ಹಿಡಿಯುವಂತಾಗುತ್ತದೆ. ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆಯನ್ನು ದೀಪದ ಹತ್ತಿರ ಹಿಂಡಿ ಕಿಡಿ ಚಿಮ್ಮಿಸುತ್ತಿದ್ದೆವಲ್ಲ, ಅದೇ ಇದು. ಒಲೆ ಆರಿಸಿ, ಪಾತ್ರೆ ದೂರ ತಂದು, ಬೇಸು ಹೊಯ್ಯುವಷ್ಟು ಮಾತ್ರ ಬಿಸಿ ಇರುವಾಗ ಬೆರೆಸಿ.

ಲೆಮನ್: ಒಂದೇ ಹೆಸರು, ಎರಡು ಎಣ್ಣೆ

ಹಿಂಡಿದ ಲೆಮನ್ ಎಣ್ಣೆಯ ವಾಸನೆ ಶುಭ್ರವಾಗಿರುತ್ತದೆ, ಆಗ ತಾನೇ ಕುಯ್ದ ಹಣ್ಣಿನ ಹಾಗೆ. ಬೆಲೆ ಕಿತ್ತಳೆಗಿಂತ ಮೇಲೆ. ಮೈಮೇಲೆ ಉಳಿಯುವ ವಸ್ತುವಿಗೆ ಅಂತರರಾಷ್ಟ್ರೀಯ ಸುಗಂಧ ಸಂಘಟನೆ ಇಫ್ರಾ ಹಾಕಿರುವ ಮಿತಿ ಶೇ. 2. ಮುಖಕ್ಕೆ ಹೇಗೂ ಶೇ. 1 ದಾಟಬಾರದು, ಹಾಗಾಗಿ ಅಳತೆ ಮಾಡಿ ಹಾಕುವವರಿಗೆ ಇದು ದೊಡ್ಡ ತೊಡಕಲ್ಲ. ಕಣ್ಣಳತೆಯಲ್ಲಿ ಸುರಿಯುವವರಿಗೆ ತೊಡಕು.

ಡಿಸ್ಟಿಲ್ಡ್ ಲೆಮನ್‌ಗೆ ಬಿಸಿಲಿನ ಮಿತಿ ಇಲ್ಲ. ವಾಸನೆ ಸ್ವಲ್ಪ ಸಪ್ಪೆ. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕೇಳಿದರೆ "ಎಲ್ಲಾ ಒಂದೇ ಮೇಡಂ" ಅನ್ನುತ್ತಾರೆ. ಒಂದೇ ಅಲ್ಲ. ಬಾಟಲಿ ಮೇಲೆ ತೆಗೆದ ರೀತಿ ಬರೆದಿಲ್ಲದಿದ್ದರೆ ಹಿಂಡಿದ್ದೇ ಅಂತ ತಿಳಿದು ಆ ಮಿತಿಯಲ್ಲೇ ಹಾಕಿ.

ಸೋಪಿಗೆ ಲೆಮನ್ ಬೇಡ ಅಂತಲೇ ನನ್ನ ಮಾತು. ಕಿತ್ತಳೆಗಿಂತ ಜಾಸ್ತಿ ಕೊಟ್ಟು, ಕಿತ್ತಳೆಯಷ್ಟೇ ಬೇಗ ಕಳೆದುಕೊಳ್ಳುವುದಕ್ಕೆ ಅರ್ಥ ಇಲ್ಲ. ನಿಂಬೆ ವಾಸನೆ ಬೇಕು ಅಂದರೆ ಮಜ್ಜಿಗೆಹುಲ್ಲು ಇದೆಯಲ್ಲ.

ಲೈಮ್, ಅಂದರೆ ನಮ್ಮ ನಿಂಬೆ

ತಿಪಟೂರಿನ ಹುಡುಗ ಹಟ ಹಿಡಿದಿದ್ದು ಇದಕ್ಕೇ. ನಮ್ಮ ಜನಕ್ಕೆ ತಲೆ ಅಂದರೆ ನಿಂಬೆ, ಹೊಟ್ಟು ಅಂದರೆ ನಿಂಬೆ. ಬಾಟಲಿ ಮೇಲೆ ನಿಂಬೆ ಚಿತ್ರ ಇದ್ದರೆ ಮಾರಾಟ ಆಗುತ್ತದೆ ಅನ್ನುವುದು ಅವನ ಲೆಕ್ಕ. ಲೆಕ್ಕ ತಪ್ಪೇನಲ್ಲ.

ಆದರೆ ಹಿಂಡಿದ ಲೈಮ್ ಎಣ್ಣೆಯ ಮಿತಿ ಶೇ. 0.7 ಮಾತ್ರ. ತಲೆಗೆ ಹಚ್ಚಿದ ಎಣ್ಣೆ ತಲೆಯಲ್ಲೇ ನಿಲ್ಲುವುದಿಲ್ಲ. ಹಣೆಗೆ, ಕಿವಿಯ ಹಿಂದೆ, ಕತ್ತಿಗೆ ಇಳಿಯುತ್ತದೆ. ಎಣ್ಣೆ ಹಚ್ಚಿಕೊಂಡು ತೋಟಕ್ಕೆ ಹೋಗುವ ಜನ ನಮ್ಮವರು. ಪಾವಗಡ, ಶಿರಾ ಕಡೆಯ ಏಪ್ರಿಲ್ ಬಿಸಿಲಲ್ಲಿ ಕುರಿ ಕಾಯುವವನ ಕತ್ತಿನ ಮೇಲೆ ಇದು ಇಳಿದರೆ ಏನಾಗುತ್ತದೆ ಯೋಚಿಸಿ. ಬಾಟಲಿ ಮೇಲೆ "ಹಚ್ಚಿದ ಮೇಲೆ ಬಿಸಿಲಿಗೆ ಹೋಗಬೇಡಿ" ಅಂತ ಬರೆಯಬಹುದು. ಯಾರು ಓದುತ್ತಾರೆ?

ಡಿಸ್ಟಿಲ್ಡ್ ಲೈಮ್ ಇದಕ್ಕೆ ಸರಿಯಾದ ಉತ್ತರ. ಬಿಸಿಲಿನ ತೊಂದರೆ ಇಲ್ಲ, ಹಿಂಡಿದ್ದಕ್ಕಿಂತ ಸಾಮಾನ್ಯವಾಗಿ ಅಗ್ಗವೂ ಹೌದು. ವಾಸನೆ ಮಾತ್ರ ಬೇರೆ. ಕುಯ್ದ ನಿಂಬೆಯ ಚುರುಕು ಇಲ್ಲ, ಗೋಲಿಸೋಡಾ, ಪೆಪ್ಪರಮೆಂಟಿನ ಹತ್ತಿರದ ಸಿಹಿ ಇದೆ. ಕೊಬ್ಬರಿ ಎಣ್ಣೆಯ ಜೊತೆ ಇದು ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನಿಸಿದೆ. ಶೇ. 0.5ರಂತೆ ಒಂದು ಲೀಟರಿಗೆ 5 ಮಿಲಿ ಸಾಕು.

ಬರ್ಗಮಾಟ್

ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಹಣ್ಣು. ಹೂವಿನ ವಾಸನೆ, ಚಹಾದ ವಾಸನೆ, ಹುಳಿ ಎಲ್ಲ ಸೇರಿದ ಹಾಗಿರುತ್ತದೆ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ. ಎಲ್ಲಕ್ಕಿಂತ ಅಪಾಯವೂ ಇದೇ. ಹಿಂಡಿದ ಬರ್ಗಮಾಟ್‌ನ ಮಿತಿ ಶೇ. 0.4. ಅಂದರೆ 100 ಮಿಲಿಗೆ ಎಂಟು ಹನಿ. ಒಂಬತ್ತನೆಯದು ಬೇಡ.

ಫ್ಯುರಾನೊಕೂಮರಿನ್ ತೆಗೆದುಹಾಕಿದ ಬರ್ಗಮಾಟ್ ಸಿಗುತ್ತದೆ, ಅದರ ಮೇಲೆ "ಎಫ್‌ಸಿಎಫ್" ಅಂತ ಅಚ್ಚಾಗಿರುತ್ತದೆ. ಮುಖಕ್ಕೆ ಬಳಸುವವರು ಆ ಮೂರು ಅಕ್ಷರ ಇಲ್ಲದ ಬಾಟಲಿಯನ್ನು ಮುಟ್ಟಲೇಬಾರದು. ಸೋಪಿಗೆ ಬರ್ಗಮಾಟ್ ಹಾಕುವುದು ಶ್ರೀಮಂತರ ಹುಚ್ಚು.

ಎರಡು-ಮೂರು ಎಣ್ಣೆ ಬೆರೆಸುವವರಿಗೆ ಒಂದು ಮಾತು. ಮಿತಿಗಳನ್ನು ಬೇರೆ ಬೇರೆ ಲೆಕ್ಕ ಹಿಡಿಯಬೇಡಿ, ಕೂಡಿಸಿ. ಹಿಂಡಿದ ಲೆಮನ್ ಶೇ. 1 ಹಾಕಿದರೆ ಅದರ ಮಿತಿಯ ಅರ್ಧ ಖರ್ಚಾಯಿತು. ಜೊತೆಗೆ ಮಾಮೂಲಿ ಬರ್ಗಮಾಟ್ ಶೇ. 0.2 ಹಾಕಿದರೆ ಉಳಿದರ್ಧವೂ ಮುಗಿಯಿತು. ಅಲ್ಲಿಗೆ ನಿಲ್ಲಿಸಬೇಕು. ಈ ಲೆಕ್ಕ ತೊಳೆದು ಹೋಗುವ ವಸ್ತುಗಳಿಗೆ ಬೇಕಿಲ್ಲ.

ಉಳಿದವು

ಮ್ಯಾಂಡರಿನ್ ಸಿಹಿ, ಮೃದು, ಬಿಸಿಲಿನ ಕಾಟ ಇಲ್ಲ. ಕಿತ್ತಳೆಗಿಂತ ದುಬಾರಿ. ಕ್ರೀಮಿಗೆ ಚೆನ್ನ. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತದ ಸಂಬಂಧಿ. ಅದರ ಮಿತಿ ಶೇ. 4, ಅಷ್ಟು ಯಾರೂ ಹಾಕುವುದಿಲ್ಲ. ಆ ಕಹಿ ವಾಸನೆ ಇಷ್ಟಪಡುವವರು ಕಡಿಮೆ.

ಇನ್ನು "ಮನೆಯಲ್ಲೇ ಸಿಪ್ಪೆಯಿಂದ ಎಣ್ಣೆ ತೆಗೆಯಬಹುದಾ?" ಅನ್ನುವ ಪ್ರಶ್ನೆ. ಕಿತ್ತಳೆ ಸಿಪ್ಪೆ ಒಣಗಿಸಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕುವುದು ಒಳ್ಳೆಯ ಕೆಲಸವೇ. ಬರುವುದು ನಸು ಪರಿಮಳದ ಕೊಬ್ಬರಿ ಎಣ್ಣೆ, ಎಸೆನ್ಶಿಯಲ್ ಆಯಿಲ್ ಅಲ್ಲ. ಸೋಪಿನಲ್ಲಿ ಆ ವಾಸನೆ ಒಂದು ದಿನವೂ ನಿಲ್ಲುವುದಿಲ್ಲ. ಸಿಪ್ಪೆ ಸ್ವಲ್ಪ ಹಸಿಯಾಗಿದ್ದರೂ ಬೂಷ್ಟು ಬರುತ್ತದೆ. ಸಿಪ್ಪೆ ಪುಡಿಯನ್ನು ಕಡಲೆಹಿಟ್ಟಿನ ಜೊತೆ ಸ್ನಾನದ ಪುಡಿಗೆ ಹಾಕಿ. ಆ ಜಾಗಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ, ಖರ್ಚೂ ಇಲ್ಲ.

ಬೆಂಗಳೂರಿನಿಂದ ತರಿಸುವ "ಲೆಮನ್ ಫ್ರಾಗ್ರೆನ್ಸ್", ಅಂದರೆ ಕೃತಕ ಪರಿಮಳ, ಅದರ ಬಗ್ಗೆ ನನಗೆ ದ್ವೇಷ ಇಲ್ಲ. ಸೋಪಿಗೆ ಅಂತಲೇ ಮಾಡಿದ್ದಾದರೆ ಅಗ್ಗ, ವಾಸನೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದನ್ನು ಹಾಕಿ "ನೈಸರ್ಗಿಕ" ಅಂತ ಚೀಟಿ ಅಂಟಿಸುವುದು ಮಾತ್ರ ಮೋಸ.

ಕೊಳ್ಳುವಾಗ, ಇಡುವಾಗ

ಒಂದು ಅಂಗಡಿಯಲ್ಲಿ ನಾನು ಲೆಮನ್ ಎಣ್ಣೆ ಅಂತ ತಂದಿದ್ದು ಶುದ್ಧ ಫ್ರಾಗ್ರೆನ್ಸ್ ಆಗಿತ್ತು. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆಗೂ ಎಣ್ಣೆ ಜಿಡ್ಡು ಹಾಗೇ ಇತ್ತು, ವಾಸನೆಯೂ ಒಂಚೂರು ಇಳಿದಿರಲಿಲ್ಲ. ಹಿಂಡಿದ ಸಿಪ್ಪೆ ಎಣ್ಣೆಯಾದರೆ ಹಾರಿಹೋಗಿ ತೆಳು ಹಳದಿ ಕಲೆ ಮಾತ್ರ ಬಿಡುತ್ತದೆ. ಈ ಪರೀಕ್ಷೆ ದೊಡ್ಡ ಮೋಸ ಹಿಡಿಯುತ್ತದೆ, ಸಣ್ಣದನ್ನು ಹಿಡಿಯುವುದಿಲ್ಲ. ಲೆಮನ್ ಎಣ್ಣೆಗೆ ಅಗ್ಗದ ಕಿತ್ತಳೆಯ ಲಿಮೊನೀನ್ ಬೆರೆಸಿದರೆ ಕಾಗದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಜಿಸಿ-ಎಂಎಸ್ ವರದಿ, ಅಂದರೆ ಎಣ್ಣೆಯಲ್ಲಿ ಯಾವ ವಸ್ತು ಎಷ್ಟಿದೆ ಅಂತ ಹೇಳುವ ಪ್ರಯೋಗಾಲಯದ ವರದಿ ಬೇಕು. ಬ್ಯಾಚ್ ನಂಬರ್ ಬಾಟಲಿಯದೂ ವರದಿಯದೂ ಒಂದೇ ಇದೆಯಾ ನೋಡಿ. ಕೆಜಿ ಲೆಕ್ಕವೋ ಲೀಟರ್ ಲೆಕ್ಕವೋ ಅಂತಲೂ ಕೇಳಿ. ಕಿತ್ತಳೆ ಎಣ್ಣೆ ನೀರಿಗಿಂತ ಹಗುರ, 100 ಮಿಲಿ ತೂಗಿದರೆ ಸುಮಾರು 84 ಗ್ರಾಂ. ಅಂದರೆ 1 ಕೆಜಿಗೆ 30 ಗ್ರಾಂ ಅನ್ನುವ ಸೋಪಿನ ಲೆಕ್ಕದಲ್ಲಿ ಬರೀ ಕಿತ್ತಳೆ ಹಾಕಿದರೆ 100 ಮಿಲಿ ಬಾಟಲಿ ಮೂರು ಸರದಿಗೂ ಪೂರ್ತಿ ಬರುವುದಿಲ್ಲ.

ದೊಡ್ಡ ಬಾಟಲಿ ಅಗ್ಗ ಅಂತ ತಂದು ವರ್ಷಗಟ್ಟಲೆ ಇಡಬೇಡಿ. ಲಿಮೊನೀನ್‌ಗೆ ಗಾಳಿ ತಾಗಿದರೆ ಅದು ಬದಲಾಗುತ್ತದೆ. ತಾಜಾ ಎಣ್ಣೆಗೆ ಅಲರ್ಜಿ ಆಗುವುದು ಅಪರೂಪ, ಹಳಸಿದ್ದಕ್ಕೆ ಸಾಮಾನ್ಯ. ಅರ್ಧ ಖಾಲಿಯಾದ ಬಾಟಲಿಯನ್ನು ನಾನು ಒಲೆ ಮೇಲಿನ ಗೂಡಿನಲ್ಲಿ ಇಟ್ಟಿದ್ದೆ, ಅದೂ ಬೇಸಿಗೆಯಲ್ಲಿ. ವಾಸನೆ ಪೇಂಟ್ ಅಂಗಡಿಯ ಟರ್ಪೆಂಟೈನ್ ಹಾಗೆ ತಿರುಗಿತ್ತು. ಬಿಸಾಕಲು ಮನಸ್ಸಾಗದೆ ಲೋಷನ್ನಿಗೆ ಹಾಕಿದೆ. ಹದಿನೈದು ದಿನ ಕತ್ತು ತುರಿಸಿಕೊಂಡೆ. ಈಗ ಕಂದು ಗಾಜಿನ ಬಾಟಲಿ, ಫ್ರಿಜ್ಜು, ಎಣ್ಣೆ ಇಳಿದ ಹಾಗೆ ಚಿಕ್ಕ ಬಾಟಲಿಗೆ ವರ್ಗಾವಣೆ. ತೆರೆದ ಮೇಲೆ ಆರು ತಿಂಗಳೊಳಗೆ ಮುಗಿಸುತ್ತೇನೆ. ಶೇ. 0.1ರಷ್ಟು ಟೋಕೋಫೆರಾಲ್, ಅಂದರೆ ವಿಟಮಿನ್ ಇ, ಹಾಕಿಟ್ಟರೆ ಹಳಸುವುದು ತಡವಾಗುತ್ತದೆ. ಪ್ಲಾಸ್ಟಿಕ್ ಬೇಡ. ನಂಬಿಕೆ ಬರದಿದ್ದರೆ ಥರ್ಮಾಕೋಲ್ ಲೋಟಕ್ಕೆ ನಾಲ್ಕು ಹನಿ ಹಾಕಿ, ತೂತು ಬೀಳುವುದನ್ನು ನೋಡಿ.

ಸ್ನಾನದ ಬಕೆಟ್ಟಿಗೆ ನೇರವಾಗಿ ಹನಿಸುವುದೂ ಬೇಡ. ನೀರಲ್ಲಿ ಕರಗದೆ ಮೇಲೆ ತೇಲಿ ಚರ್ಮಕ್ಕೆ ಹಾಗೇ ಅಂಟುತ್ತದೆ. ಎಳೆ ಮಕ್ಕಳಿಗೆ ಹಚ್ಚುವ ಎಣ್ಣೆಗೆ ಈ ಯಾವುದನ್ನೂ ಹಾಕಬೇಡಿ.

ಮಾರುವವರಿಗೆ ಇನ್ನೊಂದು ಖರ್ಚಿದೆ. ಸೋಪು, ತಲೆಎಣ್ಣೆ, ಕ್ರೀಮು ಎಲ್ಲ ಕಾನೂನಿನ ಪ್ರಕಾರ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಲೈಸೆನ್ಸ್ ಬೇಕು. ಎಣ್ಣೆಗೆ ದುಡ್ಡು ಹಾಕುವ ಮುಂಚೆ ಇದನ್ನು ವಿಚಾರಿಸಿ. ಯುರೋಪಿನ ಕಡೆಗೆ ಕಳಿಸುವ ಆಸೆ ಇದ್ದರೆ ಲಿಮೊನೀನ್, ಸಿಟ್ರಾಲ್ ಹೆಸರುಗಳನ್ನು ಚೀಟಿಯಲ್ಲಿ ಬೇರೆಯಾಗಿ ಅಚ್ಚು ಹಾಕಬೇಕಾಗುತ್ತದೆ. ಮೈಮೇಲೆ ಉಳಿಯುವುದರಲ್ಲಿ ಶೇ. 0.001, ತೊಳೆದು ಹೋಗುವುದರಲ್ಲಿ ಶೇ. 0.01 ದಾಟಿದರೆ ಸಾಕು.

ಆ ಮೂವರು ಏನು ಮಾಡಿದರು ಅಂತ ಕೇಳುತ್ತೀರಿ. ಗುಬ್ಬಿಯವರು ಕಿತ್ತಳೆ ಮತ್ತು ಮಜ್ಜಿಗೆಹುಲ್ಲು ತರಿಸಿದರು. ಮೊದಲ ಸರದಿ ಇನ್ನೂ ಒಣಗುತ್ತಿದೆ. ಪಾರ್ಲರ್ ಅಕ್ಕ ಎಫ್‌ಸಿಎಫ್ ಬರ್ಗಮಾಟ್ 10 ಮಿಲಿ ತಗೊಂಡರು, ಮೊದಲು ತಮ್ಮ ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡುತ್ತೇನೆ ಅಂದರು. ತಿಪಟೂರಿನ ಹುಡುಗನಿಗೆ ಡಿಸ್ಟಿಲ್ಡ್ ಲೈಮ್‌ನ ಸ್ಯಾಂಪಲ್ ಕೊಟ್ಟು ಕಳಿಸಿದೆ. ಮೂಸಿ ನೋಡಿದ ಅವನ ಅಜ್ಜಿ "ಇದು ನಿಂಬೆಯೇ ಅಲ್ಲ" ಅಂದರಂತೆ. ಅವನು ಈಗ ಸಿಹಿ ಕಿತ್ತಳೆಯ ಬೆಲೆ ಕೇಳುತ್ತಿದ್ದಾನೆ.